ಹನ್ನೊಂದನೆಯ ದಿನ ಉಂಡವನು

ಬೇಚನ ಮಹಾಪಾತ್ರ ಬೀದಿಯಲ್ಲಿ ಬಂದರೆ ಗಂಗೆಯ ದಡದ ನಮ್ಮ ಸೋನ್‌ಘಾಟಿನ ಅಂಗಡಿಯವರು ತಕ್ಕಡಿ ಕೆಳಗಿಟ್ಟು ಮುಖ ತಿರುಗಿಸುತ್ತಿದ್ದರು. ಅವನು ಕಳ್ಳನಲ್ಲ, ಕುಡುಕನಲ್ಲ, ಕೀಳು ಎಂದು ಕರೆಸಿಕೊಂಡ ಜಾತಿಯವನೂ ಅಲ್ಲ. ಬ್ರಾಹ್ಮಣ. ಹೆಗಲ ಮೇಲೆ ಜನಿವಾರ, ಹಣೆಯಲ್ಲಿ ಗಂಧ, ಬಾಯಲ್ಲಿ ಮಂತ್ರ, ಎಲ್ಲ ಇತ್ತು. ಆದರೆ ಅವನು ಸತ್ತವರ ಹನ್ನೊಂದನೆಯ ದಿನ ಅವರ ಬಟ್ಟೆ ಉಟ್ಟು, ಅವರ ಹೆಸರು ಹೊತ್ತು, ಅವರ ಪಾಲಿನ ಅನ್ನ ಉಣ್ಣುವ ಬ್ರಾಹ್ಮಣ. ಆ ಕಸುಬಿನವರಿಗೆ ಮಹಾಪಾತ್ರರು ಎನ್ನುತ್ತಾರೆ. ಅವನು ಹೊಟ್ಟೆ ತುಂಬ ಉಂಡು ‘ತೃಪ್ತನಾದೆ’ ಎಂದರೆ ಮಾತ್ರ ಪ್ರೇತ ಮನೆ ಬಿಟ್ಟು ಪಿತೃಗಳ ಸಾಲಿಗೆ ಸೇರುತ್ತದೆ ಎಂದು ಶಾಸ್ತ್ರ. ಅವನಿಲ್ಲದೆ ನಡೆಯುವುದಿಲ್ಲ, ಅವನು ಬಂದರೆ ಮೈಲಿಗೆ. ಉಂಡು ಹೊಸ್ತಿಲು ದಾಟಿದ ಕೂಡಲೇ ಮನೆಯವರು ಹಿಂದಿನಿಂದ ಮಣ್ಣಿನ ಹೆಂಟೆ ಎಸೆದು, ಅಂಗಳಕ್ಕೆ ಸಗಣಿ ನೀರು ಹಾಕುತ್ತಾರೆ. ಪ್ರೇತ ಮತ್ತೆ ಮನೆ ಕಡೆ ತಿರುಗಬಾರದಲ್ಲ, ಅದಕ್ಕೆ.

ನಾನು ಝಗರೂ, ಈ ಊರಿನ ಕ್ಷೌರಿಕ. ಮದುವೆಗೂ ನಾನೇ ಬೇಕು, ಸಾವಿಗೂ ನಾನೇ ಬೇಕು. ಮದುವೆಗೆ ಕರೆಯಲು ಹೋಗುವಾಗ ನನ್ನ ಕೈಯಲ್ಲಿ ಅರಿಸಿನ ಹಚ್ಚಿದ ಅಡಿಕೆ ಇರುತ್ತದೆ, ಸಾವಿನ ಕರೆಗೆ ಬರಿಗೈ. ದೂರದಿಂದ ನನ್ನ ಕೈ ನೋಡಿಯೇ ಜನ ನಗಬೇಕೋ ಅಳಬೇಕೋ ಎಂದು ತೀರ್ಮಾನಿಸಿಬಿಡುತ್ತಾರೆ. ಪಂಡಿತರ ಜಗಲಿಯ ಮೇಲೆ ನಾನು ಕೂರುವಂತಿಲ್ಲ, ನನ್ನ ಜಗಲಿಯ ಮೇಲೆ ತೊಗಲು ಹದ ಮಾಡುವವನು ಕೂರುವಂತಿಲ್ಲ, ಅವನ ಜಗಲಿಯ ಮೇಲೆ ಕೂರಬಾರದವನು ಇನ್ನೊಬ್ಬನಿದ್ದಾನೆ. ಶಾಸ್ತ್ರ ಬರೆದವರು ಕಿಲಾಡಿಗಳು. ಒಬ್ಬೊಬ್ಬನಿಗೂ ಉಗಿಯಲು ಕೆಳಗೊಬ್ಬನನ್ನು ಕೊಟ್ಟು, ಮೇಲಿನಿಂದ ಬೀಳುವ ಉಗುಳನ್ನು ಮರೆಸಿದ್ದಾರೆ. ಬೇಚನ ಹುಟ್ಟಿದ್ದು ಮೇಲಿನ ಮೆಟ್ಟಿಲಲ್ಲೇ. ಆದರೂ ಅವನ ಕೈಯ ನೀರನ್ನು ನಮ್ಮ ಜಾತಿಯವರು ಕೂಡ ಕುಡಿಯುತ್ತಿರಲಿಲ್ಲ.

ಅವನ ಹೆಸರಿಗೂ ಒಂದು ಕಥೆ ಇದೆ. ಅವನಿಗಿಂತ ಮುಂಚೆ ಹುಟ್ಟಿದ ಕೂಸುಗಳೆಲ್ಲ ತೀರಿಹೋಗಿದ್ದವು. ಇವನು ಹುಟ್ಟಿದ ಕೂಡಲೇ ತಾಯಿ ಇವನನ್ನು ಸೂಲಗಿತ್ತಿಯಾದ ನನ್ನಮ್ಮನಿಗೆ ಒಂದು ಹಿಡಿ ಅಕ್ಕಿತೌಡಿಗೆ ಮಾರಿ, ಸಂಜೆ ವಾಪಸ್ ಕೊಂಡಳು. ಮಾರಿದ ಮಗುವಿನ ಮೇಲೆ ಸಾವಿಗೆ ಆಸೆ ಇರುವುದಿಲ್ಲವಂತೆ. ಬೇಚನ ಎಂದರೆ ಮಾರಾಟವಾದವನು ಎಂದೇ ಅರ್ಥ. ಅರ್ಧ ದಿನ ನನ್ನಮ್ಮನ ಮಡಿಲಲ್ಲಿದ್ದವನು ಎಂದು ಅವನು ಸಾಯುವ ತನಕ ನನ್ನನ್ನು ‘ಝಗರೂ ಭೈಯಾ’ ಎಂದೇ ಕರೆದ.

ಚಿಕ್ಕಂದಿನಲ್ಲಿ ನಾವು ಮೂವರು ಒಟ್ಟಿಗಿದ್ದೆವು. ಮೂರನೆಯವನು ಓಝಾ ಪಂಡಿತರ ಮಗ ಹರಿನಂದನ. ಮಳೆಗಾಲ ಕಳೆದು ಗಂಗೆ ಸೊರಗಿ ನಡುವೆ ಮರಳು ದಿಬ್ಬ ಎದ್ದಾಗ ಅಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದರು. ನಾವು ಈಜಿ ಹೋಗಿ ಕದಿಯುತ್ತಿದ್ದೆವು. ಹಣ್ಣು ಕೀಳುವವನು ಬೇಚನ, ಒಡೆಯುವವನು ಬೇಚನ. ಹರಿನಂದನನಿಗೆ ಹಸಿವು ತಡೆಯುವ ಶಕ್ತಿ ಒಂದಿಷ್ಟೂ ಇರಲಿಲ್ಲ. ಹೋಳನ್ನು ಕಿತ್ತುಕೊಂಡು ನೀರಲ್ಲಿ ಅದ್ದಿ, “ಗಂಗೆ ಮುಟ್ಟಿದ್ದಕ್ಕೆ ದೋಷ ಇಲ್ಲ ಕಣ್ರೋ,” ಎಂದು ಗಬಗಬ ತಿನ್ನುತ್ತಿದ್ದ. ಆಗಲೇ ಅವನು ಪಂಡಿತ. ತನ್ನ ಹೊಟ್ಟೆಗೆ ಬೇಕಾದ ಕಡೆ ಶಾಸ್ತ್ರ ಸಿಕ್ಕೇ ಸಿಗುತ್ತಿತ್ತು.

ಹರಿನಂದನನ ಜನಿವಾರದ ದಿನ ಅವನೇ ಬೇಚನನನ್ನು ಹಿತ್ತಲಿನಿಂದ ಒಳಗೆ ಕರೆದ. “ಬಾರೋ, ಯಾರಿಗೂ ಗೊತ್ತಾಗಲ್ಲ. ಪೂರಿ ಇದೆ, ಖೀರು ಇದೆ.” ಅಂಗಳದ ತುಳಸಿ ಕಟ್ಟೆಯ ಪಕ್ಕ, ಬ್ರಾಹ್ಮಣರ ಪಂಕ್ತಿಯ ತುದಿಯಲ್ಲಿ, ಒಂದು ಮುತ್ತುಗದ ಎಲೆಯ ಮುಂದೆ ಬೇಚನ ಕುಳಿತ. ಒಂದು ತುತ್ತು ಬಾಯಿಗಿಟ್ಟಿದ್ದನೋ ಇಲ್ಲವೋ, ಯಾರೋ ಗುರುತು ಹಿಡಿದರು. ಹಿರಿಯ ಓಝಾ ಬಂದು ರಟ್ಟೆ ಹಿಡಿದು ಎತ್ತಿದರು. ಇಡೀ ಪಂಕ್ತಿ ಎಲೆ ಬಿಟ್ಟು ಎದ್ದಿತು. ಅಷ್ಟೂ ಅಡುಗೆಯನ್ನು ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚಿದರು, ದನಗಳಿಗೂ ಹಾಕಲಿಲ್ಲ. ಬೇಚನ ಬಾಗಿಲಲ್ಲಿ ನಿಂತು ಹರಿನಂದನನ ಕಡೆ ನೋಡಿದ. ಹೊಸ ಜನಿವಾರದ ಹರಿನಂದನ ತಲೆ ತಗ್ಗಿಸಿ ತನ್ನ ಎಲೆ ನೋಡುತ್ತ ಕುಳಿತಿದ್ದ. ‘ನಾನೇ ಕರೆದೆ’ ಎಂದು ಹೇಳಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಆ ಮನೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬೇಚನ ಉಲ್ಟಾ. ಆ ಅಂಗಳ, ಆ ತುಳಸಿ ಕಟ್ಟೆಯ ಪಕ್ಕದ ಜಾಗ, ಅವನ ತಲೆಯಲ್ಲಿ ಕೂತುಬಿಟ್ಟಿತು. ದೊಡ್ಡವನಾಗಿ ಅಪ್ಪನ ಕಸುಬು ಹಿಡಿದ, ಲಖಿಯಾ ಎಂಬುವಳನ್ನು ಮದುವೆಯಾದ, ಜಮೀನ್ದಾರರ ಮನೆಯ ಹನ್ನೊಂದನೆಯ ದಿನಗಳಲ್ಲಿ ತುಪ್ಪದಲ್ಲಿ ಕೈ ತೊಳೆದ. ಆದರೂ ಕ್ಷೌರಕ್ಕೆ ಕುಳಿತಾಗಲೆಲ್ಲ ಅದೇ ಮಾತು. “ಭೈಯಾ, ಎಲ್ಲ ಮನೆಯಲ್ಲೂ ಉಂಡೆ. ಒಂದು ಸಲನೂ ನಾನು ಉಣ್ಣಲಿಲ್ಲ, ಸತ್ತವರು ಉಂಡರು. ಆ ಅಂಗಳದಲ್ಲಿ ಒಂದು ದಿನ ಬೇಚನನಾಗಿ ಕೂತು ಎಲೆ ಪೂರ್ತಿ ಮಾಡ್ಬೇಕು. ಅಷ್ಟೇ.”

“ನಿನಗೆ ತಲೆ ಕೆಟ್ಟಿದೆ,” ಎಂದು ನಾನು ಬೈಯುತ್ತಿದ್ದೆ. “ಅಲ್ಲಾಡ್ಬೇಡ, ಕಿವಿ ಕುಯ್ದೀತು.”

ಹರಿನಂದನ ಓಝಾ ತಂದೆಯ ಪಾಠಶಾಲೆಗೆ ಗುರುವಾದರು. ಯಾರು ಯಾರ ಮನೆಯಲ್ಲಿ ಉಣ್ಣಬಹುದು, ಯಾರ ನೆರಳು ಬಿದ್ದರೆ ಎಷ್ಟು ಸ್ನಾನ ಎಂದು ಕೇಳಲು ಸುತ್ತಲ ಊರುಗಳಿಂದ ಜನ ಅವರಲ್ಲಿಗೆ ಬರುತ್ತಿದ್ದರು. ಒಂದು ದಿನ ಗಂಗೆಯ ಸ್ನಾನಘಟ್ಟದಲ್ಲಿ ನಾನು ಪಂಡಿತರಿಗೆ ಕ್ಷೌರ ಮಾಡುತ್ತಿದ್ದಾಗ ಬೇಚನ ದೂರದಲ್ಲಿ ಕೈಮುಗಿದು ನಿಂತ.

“ಏನು ಬೇಚನ್?” ಎಂದರು ಪಂಡಿತರು, ಕಣ್ಣು ಬಿಡದೆ.

“ಹರಿ ಭೈಯಾ, ನಿನ್ನ ಪುಸ್ತಕದಲ್ಲಿ ನನಗೆ ದಾರಿಯೇ ಇಲ್ವಾ?”

ಪಂಡಿತರು ಕಣ್ಣು ಬಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸಂತೆಯಲ್ಲಿ ಎತ್ತು ನೋಡುವವರು ಹಾಗೆ ನೋಡುತ್ತಾರೆ. ಆಮೇಲೆ ನಕ್ಕರು. “ಯಾಕಿಲ್ಲ? ಶಾಸ್ತ್ರದಲ್ಲಿ ಎಲ್ಲ ಪಾಪಕ್ಕೂ ತೊಳೆಯೋ ದಾರಿ ಇದೆ. ಹನ್ನೆರಡು ವರ್ಷ ಪ್ರೇತಾನ್ನ ಮುಟ್ಟಬಾರದು. ವರ್ಷಕ್ಕೊಂದು ಚಾಂದ್ರಾಯಣ. ಚಂದ್ರ ಕರಗಿದ ಹಾಗೆ ದಿನಕ್ಕೊಂದು ತುತ್ತು ಕಡಿಮೆ ಮಾಡ್ತಾ ಹೋಗು, ಅಮಾವಾಸ್ಯೆಗೆ ಪೂರ್ತಿ ಉಪವಾಸ, ಆಮೇಲೆ ಹಾಗೇ ಏರಿಸ್ತಾ ಬಾ. ಯಾರ ದಾನವೂ ಬೇಡ, ನಿನ್ನ ಬೆವರಿನ ಅನ್ನ ಮಾತ್ರ. ಮಾಡ್ತೀಯಾ?”

“ಮಾಡಿದ್ರೆ?”

“ಮಾಡಿದ್ರೆ ನೀನು ನಮ್ಮೆಲ್ಲರಿಗಿಂತ ಶುದ್ಧ. ನನ್ನ ಮೊಮ್ಮಗನ ಜನಿವಾರಕ್ಕೆ ನಾನೇ ನಿನಗೆ ಎಲೆ ಹಾಕ್ತೀನಿ.”

ಬೇಚನ ಅಲ್ಲೇ ನೀರಿಗಿಳಿದು ಸಂಕಲ್ಪ ಮಾಡಿದ. ಅವನ ಮುಖದಲ್ಲಿ ಸಂತೋಷ ಉಕ್ಕುತ್ತಿತ್ತು. ನನಗೆ ಮಾತ್ರ ಅನುಮಾನ. ಪಂಡಿತ ಯಾವತ್ತೂ ಪುಗಸಟ್ಟೆ ಮಾತಾಡಿದವನಲ್ಲ.

ಅಲ್ಲಿಂದ ಬೇಚನನ ಬಾಳು ನಾಯಿಪಾಡಾಯಿತು. ಪ್ರತಿ ವರ್ಷ ಮಳೆಗಾಲ ಕಳೆದು ಮರಳು ದಿಬ್ಬ ಎದ್ದ ಕೂಡಲೇ ಅದರ ಮೇಲೆ ಜೊಂಡಿನ ಗುಡಿಸಲು ಕಟ್ಟಿ ಕಲ್ಲಂಗಡಿ, ಸೌತೆ ಬೆಳೆದ. ಮಹಾಪಾತ್ರ ಬೆಳೆದದ್ದು ಎಂದು ಊರಲ್ಲಿ ಯಾರೂ ಕೊಳ್ಳಲಿಲ್ಲ. ಕಸುಬು ಬಿಟ್ಟರೂ ಮುಖ ಅದೇ ಅಲ್ಲವೇ. ಲಖಿಯಾ ಗುರುತಿಲ್ಲದ ದೋಣಿಯವರಿಗೆ ಮಾರಿ ಹಿಟ್ಟು ತರುತ್ತಿದ್ದಳು. ಕೆಲವು ದಿನ ದೋಣಿ ಬರುತ್ತಿತ್ತು, ಕೆಲವು ದಿನ ಇಲ್ಲ. ಊರಿನ ಸಾವುಗಳೆಲ್ಲ ಅವನ ದಾಯಾದಿ ಘುರಹುವಿನ ಪಾಲಾದವು. ಘುರಹು ಸತ್ತವರ ಕೊಡೆ ಹಿಡಿದು, ಸತ್ತವರ ಜೋಡು ಮೆಟ್ಟಿ ಬಂದು ದಡದಿಂದ ಕೂಗುತ್ತಿದ್ದ. “ಪಂಕ್ತಿ ಪಂಡಿತರೇ! ಇವತ್ತು ಎಷ್ಟು ತುತ್ತು? ಮೂರಾ? ನಾಲ್ಕಾ? ನಮಗೆ ಇವತ್ತು ಸಾಹುಕಾರನ ಹೆಂಡತಿ ಸತ್ತು ಪುಣ್ಯ ಕಟ್ಕೊಂಡ್ಲು. ಮಾಲ್‌ಪುವಾ ಗಂಟಲ ತನಕ ಇದೆ!”

ಎಂಟನೆಯ ಚಳಿಗಾಲದಲ್ಲಿ ಲಖಿಯಾಗೆ ಜ್ವರ ಬಂತು. ಆಗ ಬೇಚನ ಚಾಂದ್ರಾಯಣದಲ್ಲಿದ್ದ. ಇವಳಿಗೆ ಹೊದಿಸಲು ಗೋಣಿ ಬಿಟ್ಟರೆ ಇನ್ನೇನೂ ಇರಲಿಲ್ಲ. ಹಿಂದೆ ಸತ್ತವರ ಮನೆಗಳಿಂದ ಬಂದ ಹತ್ತಿಯ ರಜಾಯಿಗಳನ್ನೆಲ್ಲ ವ್ರತ ಹಿಡಿದ ದಿನವೇ ಇವನು ಗಂಗೆಗೆ ಬಿಟ್ಟಿದ್ದ. ಪ್ರೇತದ ವಸ್ತು ಮನೆಯಲ್ಲಿರಬಾರದೆಂದು ಪಂಡಿತರ ಆಜ್ಞೆ. ನಾನು ನನ್ನ ಕಂಬಳಿ ಹೊತ್ತುಕೊಂಡು ಹೋದೆ. ದಾನ ಮುಟ್ಟಬಾರದು ಎಂದು ಬೇಚನ ಅದನ್ನೂ ಬೇಡವೆಂದ. ನಾನು ಕೆಟ್ಟದಾಗಿ ಬೈದೆ. ಲಖಿಯಾ ಹಲ್ಲು ಕಟಕಟ ಎನ್ನಿಸುತ್ತ ಗಂಡನನ್ನು ನೋಡಿ ಹೇಳಿದಳು.

“ಸತ್ತವರ ರಜಾಯಿ ಆದ್ರೂ ಬೆಚ್ಚಗಿರ್ತಿತ್ತು ಕಣ್ರೀ.”

ಎರಡು ದಿನದಲ್ಲಿ ಅವಳು ಹೋದಳು. ಬೇಚನ ಅತ್ತ. ಆದರೆ ವ್ರತ ಬಿಡಲಿಲ್ಲ. ಬಿಟ್ಟರೆ ಲಖಿಯಾ ಸತ್ತದ್ದಕ್ಕೆ ಏನು ಬೆಲೆ ಎಂದು ನನ್ನನ್ನೇ ಕೇಳಿದ.

ಪಂಡಿತರ ಮೊಮ್ಮಗನ ಜನಿವಾರ ಬಂದಾಗ ಹನ್ನೆರಡು ವರ್ಷಕ್ಕೆ ಕೆಲವೇ ತಿಂಗಳು ಬಾಕಿ. ಕರೆ ಇರಲಿಲ್ಲ. ಆದರೂ ಬೇಚನ ಮಿಂದು, ತೊಳೆದ ಪಂಚೆ ಉಟ್ಟು, ಓಝಾ ಮನೆಯ ಎದುರಿನ ಬೇವಿನ ಮರದ ಕೆಳಗೆ ಬಂದು ನಿಂತ. ಮುಹೂರ್ತದ ದಿನ ಇವನ ಮುಖ ಕಂಡು ಬಂದವರೆಲ್ಲ ಗೊಣಗಿದರು. ಪಂಡಿತರು ತಾವೇ ಹೊರಗೆ ಬಂದರು. ಸಿಟ್ಟು ಮಾಡಲಿಲ್ಲ. ಅವರು ಸಿಟ್ಟು ಮಾಡುವವರೇ ಅಲ್ಲ.

“ಇಷ್ಟು ದಿನ ತಡೆದವನಿಗೆ ಇನ್ನು ನಾಲ್ಕು ದಿನ ತಡೆಯೋಕಾಗಲ್ವಾ ಬೇಚನ್? ಕಡಿಮೆ ಮಾಡೋಕೆ ಶಾಸ್ತ್ರ ನಮ್ಮಪ್ಪನ ಆಸ್ತಿಯಲ್ಲ. ನನ್ನ ಮಾತು ನನ್ನ ತಲೆಯಲ್ಲಿದೆ, ಹೋಗು.”

ಬೇಚನ ಹೋಗಲಿಲ್ಲ. ಪಂಕ್ತಿ ಉಂಡು ಏಳುವ ತನಕ ಬೇವಿನ ಮರದ ಕೆಳಗೆ ನಿಂತು ಖೀರಿನ ವಾಸನೆ ಕುಡಿದ. ಅವತ್ತಿಗೆ ಅವನ ವ್ರತದಲ್ಲಿ ಎರಡೇ ತುತ್ತು.

ಅವಧಿ ಮುಗಿಯಿತು. ಅಷ್ಟರಲ್ಲಿ ಪಂಡಿತರು ಹಾಸಿಗೆ ಹಿಡಿದಿದ್ದರು. ಬೇಚನ ಕಿಟಕಿಯ ಹೊರಗೆ ನಿಂತು, “ಹರಿ ಭೈಯಾ, ಮುಗೀತು,” ಎಂದಾಗ ಒಳಗಿನಿಂದ, “ಗೊತ್ತು. ಕೃಪಾಶಂಕರನಿಗೆ ಎಲ್ಲ ಹೇಳಿದ್ದೀನಿ. ನಿನ್ನ ಎಲೆ ನಿನಗೆ ಸಿಗುತ್ತೆ,” ಎಂಬ ಧ್ವನಿ ಬಂತು. ಕೃಪಾಶಂಕರ ಅವರ ಹಿರಿಯ ಮಗ. ಬೇಚನ ಕುಣಿದಾಡುತ್ತ ದಿಬ್ಬಕ್ಕೆ ಹೋದ. ಮಾಘದಲ್ಲಿ ಪಂಡಿತರು ತೀರಿಕೊಂಡರು.

ಕೃಪಾಶಂಕರ ನನ್ನನ್ನು ಕರೆದು, “ಹನ್ನೊಂದಕ್ಕೆ ಬೇಚನ್ ಕಾಕಾಗೆ ಹೇಳಿ ಬಾ,” ಎಂದ.

“ಘುರಹುಗೆ ಅಲ್ವಾ ಬಾಬು?”

“ಬೇಚನ್ ಕಾಕಾಗೆ. ಅಪ್ಪನ ಕೊನೇ ಮಾತು ಅದು.”

ನಾನು ದೋಣಿಯಲ್ಲಿ ದಿಬ್ಬಕ್ಕೆ ಹೋದೆ. ಬೇಚನ ಬಳ್ಳಿಗೆ ನೀರು ಹಾಕುತ್ತಿದ್ದ. ದೂರದಿಂದಲೇ ನನ್ನ ಕೈ ನೋಡಿದ. ಬರಿಗೈ. ಅವನ ಮುಖ ಬಿಳಿಚಿತು.

“ಬೇಡ ಭೈಯಾ,” ಎಂದ. “ಅದೊಂದು ಮಾತ್ರ ಹೇಳ್ಬೇಡ. ಘುರಹು ಇದಾನೆ, ಅವನ್ನ ಕರಿ.”

“ಪಂಡಿತರು ನಿನ್ನೇ ಬೇಕು ಅಂದ್ರಂತೆ. ಬೇಚನ್ ಉಣ್ಣದಿದ್ರೆ ನಾನು ಹೋಗೋದಿಲ್ಲ ಅಂದ್ರಂತೆ.”

“ಉಂಡರೆ ಎಲ್ಲ ನೀರಲ್ಲಿ ಹೋಯ್ತು. ಲಖಿಯಾ ಕೂಡ.”

“ಹಾಗಾದ್ರೆ ಬರಲ್ಲ ಅಂತ ಹೇಳ್ತೀನಿ. ಪಂಡಿತ ಪ್ರೇತ ಆಗಿ ಅವರ ಮನೆ ಹುಣಸೆಮರದಲ್ಲಿ ನೇತಾಡಲಿ. ನಿನಗೇನು?”

ನಾನು ನಿಜವಾಗಿಯೂ ಹಾಗೆ ಹೇಳಲು ತಯಾರಿದ್ದೆ. ಆದರೆ ಬೇಚನ ಮರಳಿನ ಮೇಲೆ ಕುಳಿತ. “ಅವನಿಗೆ ಹಸಿವು ತಡೆಯೋಕಾಗಲ್ಲ ಭೈಯಾ. ಚಿಕ್ಕವನಿದ್ದಾಗಿನಿಂದ,” ಎಂದ. “ಬೇರೆ ಯಾರ ಹೊಟ್ಟೆಯನ್ನೂ ನಂಬದೆ ನನ್ನ ಕರೆದ, ನೋಡು. ಏನೋ ಇತ್ತು ಅವನ ಮನಸ್ಸಲ್ಲಿ.” ಆಮೇಲೆ ಎದ್ದು ಮೈ ಕೊಡವಿಕೊಂಡ.

ಹನ್ನೊಂದನೆಯ ದಿನ ಅದೇ ಅಂಗಳದಲ್ಲಿ ನಾನು ಬೇಚನನಿಗೆ ಕ್ಷೌರ ಮಾಡಿದೆ. ಕೃಪಾಶಂಕರ ತನ್ನ ಕೈಯಿಂದಲೇ ಎಣ್ಣೆ ಹಚ್ಚಿ ಮೀಯಿಸಿದ, ಅಪ್ಪನ ಪಂಚೆ ಉಡಿಸಿದ, ಅಪ್ಪನ ತುಸು ಹಳದಿಗಟ್ಟಿದ ಶಾಲು ಹೊದಿಸಿದ. ಹೊಸ ಮಂಚದ ಮೇಲೆ ಕೂರಿಸಿ ಕಾಲೊತ್ತಿದ, ಪಂಡಿತರ ಕಿರಿಯ ಮಗ ಬೀಸಣಿಗೆ ಬೀಸಿದ. ಅಂದು ಆ ಹೊತ್ತಿನಲ್ಲಿ ಮಹಾಪಾತ್ರನೇ ಸತ್ತವನು. ಅವನನ್ನು ‘ಅಪ್ಪ’ ಎಂದೇ ಕರೆಯಬೇಕು. ಊರಿನ ಪಂಡಿತರೆಲ್ಲ ಜಗಲಿಯ ಮೇಲೆ ದೂರ ಕುಳಿತಿದ್ದರು. ಬೇಚನನ ಕಣ್ಣು ಮಾತ್ರ ತುಳಸಿ ಕಟ್ಟೆಯ ಪಕ್ಕದಲ್ಲೇ ಇತ್ತು.

“ಎಲೆ ಅಲ್ಲಿ ಹಾಕ್ತೀರಾ?” ಎಂದು ಮೆಲ್ಲಗೆ ಕೇಳಿದ.

ಹಾಕಿದರು. ಪೂರಿ, ಕಚೌರಿ, ಉದ್ದಿನ ವಡೆ, ಮೊಸರು, ಖೀರು. ಪಂಡಿತರಿಗೆ ಇಷ್ಟವಾದದ್ದೆಲ್ಲ. ಬೇಚನ ಕುಳಿತು ಒಂದು ತುತ್ತು ಖೀರು ಬಾಯಿಗಿಟ್ಟ. ಇಷ್ಟು ವರ್ಷ ಹಿಟ್ಟು, ಸೌತೆಕಾಯಿ ತಿಂದ ನಾಲಿಗೆ ಅದು. ಅವನ ಕಣ್ಣಲ್ಲಿ ನೀರು ಬಂತು.

ಕೃಪಾಶಂಕರನಿಗೆ ಅದು ಕಂಡು ಮನಸ್ಸು ತುಂಬಿ ಬಂದಿರಬೇಕು. ಅವನು ಕೆಟ್ಟವನಲ್ಲ. ಹೊಗಳುವ ಭರದಲ್ಲೇ ಹೇಳಿದ. “ನಿಧಾನಕ್ಕೆ ಉಣ್ಣಿ ಅಪ್ಪ. ನೀವೇ ಹೇಳ್ತಿದ್ರಲ್ಲ, ಊರಲ್ಲಿರೋ ಮಹಾಪಾತ್ರರ ಹೊಟ್ಟೆಯಲ್ಲಿ ಕಂಡಕಂಡವರ ಪ್ರೇತ ಕೊಳೀತಾ ಇದೆ, ಅಂಥ ಹೊಟ್ಟೆಗೆ ನಾನು ಇಳಿಯಲ್ಲ, ನನಗೆ ಅಂತ ಒಂದು ಪಾತ್ರೆ ಹನ್ನೆರಡು ವರ್ಷ ತೊಳೆದು ಇಟ್ಟಿದ್ದೀನಿ ಅಂತ. ಕಾಶಿಯ ಪಂಡಿತರಿಗೂ ಇಂಥ ಭಾಗ್ಯ ಇಲ್ಲ.”

ಜಗಲಿಯ ಪಂಡಿತರು ತಲೆದೂಗಿದರು. “ದೂರದೃಷ್ಟಿ ಅಂದ್ರೆ ಅದು,” ಎಂದು ಒಬ್ಬರು ಹೇಳಿದರು.

ಬೇಚನನ ಕೈ ಎಲೆಯ ಮೇಲೇ ನಿಂತಿತು. ಅವನು ಮೂರ್ಖನಲ್ಲ. ಘಟ್ಟದಲ್ಲಿ ಪಂಡಿತ ಅವನನ್ನು ಅಡಿಯಿಂದ ಮುಡಿಯವರೆಗೆ ಯಾಕೆ ನೋಡಿದ ಎಂದು ನನಗೆ ಆಗ ಗೊತ್ತಾಯಿತು. ಬೇಚನನಿಗೂ ಗೊತ್ತಾಯಿತು. ಇವನನ್ನು ಪಂಕ್ತಿಗೆಂದು ಶುದ್ಧ ಮಾಡಿರಲಿಲ್ಲ. ಹಿತ್ತಾಳೆ ಚೊಂಬನ್ನು ಬೂದಿ ಹಾಕಿ ಉಜ್ಜಿ, ಯಾರೂ ಬಳಸದ ಹಾಗೆ ಅಟ್ಟದ ಮೇಲೆ ಇಟ್ಟ ಹಾಗೆ ಇಟ್ಟಿದ್ದರು.

ಮಹಾಪಾತ್ರ ನಡುವೆ ಕೈ ನಿಲ್ಲಿಸಿದರೆ ಪ್ರೇತ ನಡುದಾರಿಯಲ್ಲಿ ನಿಂತ ಹಾಗೆ.

“ಏನಾಯ್ತಪ್ಪ? ಉಪ್ಪು ಕಡಿಮೆಯಾ? ಏನು ಬೇಕು ಕೇಳಿ. ಆಕಳು ಬೇಕಾ? ಹೊಲ ಬೇಕಾ?” ಎಂದ ಕೃಪಾಶಂಕರ.

“ನಾನು ಯಾರು?” ಎಂದ ಬೇಚನ.

“ನಮ್ಮಪ್ಪ.”

“ಖಂಡಿತವಾ?”

“ಶಾಸ್ತ್ರ ಹಾಗೇ ಹೇಳುತ್ತೆ.”

“ಹಾಗಾದ್ರೆ ಕೂತ್ಕೊಳ್ರೋ ಮಕ್ಕಳೇ. ಪಕ್ಕದಲ್ಲಿ ಒಂದೊಂದು ಎಲೆ ಹಾಕ್ಕೊಳ್ಳಿ. ಅಪ್ಪನ ಜೊತೆ ಒಂದು ತುತ್ತು ಉಣ್ಣಿ. ಒಂದೇ ತುತ್ತು. ಆಗ ತೃಪ್ತನಾದೆ ಅಂತೀನಿ. ಹೊಲ ನೀವೇ ಇಟ್ಕೊಳ್ಳಿ.”

ಕಿರಿಯವನ ಕೈಯಿಂದ ಬೀಸಣಿಗೆ ಬಿತ್ತು. ಕೃಪಾಶಂಕರ ಜಗಲಿಯ ಕಡೆ ನೋಡಿದ. ಅಲ್ಲಿ ಗುಸುಗುಸು ನಡೆಯಿತು. ಬಾಗಿಲ ಮರೆಯಿಂದ ಪಂಡಿತರ ಹೆಂಡತಿಯ ದನಿ ಬಂತು. ಅವಳನ್ನು ನಾವು ಓಝಾಯಿನ್ ಅಮ್ಮ ಎನ್ನುತ್ತಿದ್ದೆವು. “ಕೃಪಾ, ಒಂದು ತುತ್ತು ತಾನೇ? ನಿಮ್ಮಪ್ಪ ಹಸ್ಕೊಂಡು ಕೂತಿದಾರೆ ಕಣೋ.”

“ನೀನು ಒಳಗೆ ಹೋಗಮ್ಮಾ!” ಎಂದು ಕೃಪಾಶಂಕರ ಗದರಿದ. ಆಮೇಲೆ ಬೇಚನನ ಕಡೆ ತಿರುಗಿ, ಕೈಮುಗಿದು, ಬಹಳ ವಿನಯದಿಂದ ಹೇಳಿದ. “ಅದು ಆಗದ ಮಾತು. ಇವತ್ತು ನೀವು ಎದ್ದು ಹೋದ್ರೆ ಅಪ್ಪ ಪ್ರೇತವಾಗೇ ಉಳೀತಾರೆ. ಉಳೀಲಿ. ಮುಂದೆ ಗಯೆಗೆ ಹೋಗಿ ಪಿಂಡ ಹಾಕಿ ಸರಿ ಮಾಡ್ತೀವಿ. ನಮ್ಮ ಜಾತಿ ಹೋದ್ರೆ ಎಲ್ಲಿ ಸರಿ ಮಾಡೋದು?”

ಹೆತ್ತ ಅಪ್ಪ ಹಸಿದ ಪ್ರೇತವಾಗಿ ಅಲೆದರೂ ಸರಿ, ಬೇಚನನ ಪಕ್ಕ ಒಂದು ತುತ್ತು ಉಣ್ಣುವುದಿಲ್ಲ! ನನಗೆ ಕೈಯಲ್ಲಿದ್ದ ಕತ್ತಿಯನ್ನು ಮಸೆಯಬೇಕು ಎನ್ನಿಸಿತು. ಬೇಚನ ಎದ್ದು ಹೋಗುತ್ತಾನೆ, ಹೋಗಲಿ, ಎಂದು ಕಾದೆ.

ಅವನು ಎದ್ದು ಹೋಗಲಿಲ್ಲ. ಬಾಗಿಲ ಮರೆಯಲ್ಲಿ ಅಳುತ್ತಿದ್ದ ಮುದುಕಿಯ ಕಡೆ ಒಮ್ಮೆ ನೋಡಿದ. “ಅಳ್ಬೇಡಿ ಅತ್ತಿಗೆ. ಅವನಿಗೆ ಹಸಿವು ತಡೆಯೋಕಾಗಲ್ಲ, ನನಗೆ ಗೊತ್ತು,” ಎಂದ. ತಲೆ ತಗ್ಗಿಸಿ ಎಲೆಯಲ್ಲಿದ್ದದ್ದನ್ನೆಲ್ಲ ಉಂಡ. ಪೂರಿಯ ಚೂರೂ ಬಿಡಲಿಲ್ಲ, ಖೀರನ್ನು ಬೆರಳಲ್ಲಿ ಬಳಿದ. ಎದ್ದು ನಿಂತು, ಯಾರ ಮುಖವನ್ನೂ ನೋಡದೆ, “ತೃಪ್ತನಾದೆ,” ಎಂದ.

ಶಾಲು ಹೊದ್ದು ಹೊಸ್ತಿಲು ದಾಟಿದ. ಹಿಂದಿನಿಂದ ನೋಡಿದರೆ ಥೇಟು ಪಂಡಿತರೇ, ಅದೇ ಎತ್ತರ, ಅದೇ ಬಾಗಿದ ಬೆನ್ನು. ಕೃಪಾಶಂಕರ ಹೆಂಟೆ ಎತ್ತಿ ಎಸೆದ. ಕಿರಿಯವನೂ ಎಸೆದ. ಒಂದು ಬೆನ್ನಿಗೆ ಬಿತ್ತು, ಒಂದು ತಲೆಗೆ. ಒಳಗೆ ಓಝಾಯಿನ್ ಅಮ್ಮ, “ಅಯ್ಯೋ, ಮೆಲ್ಲಗೆ ಎಸೀರೋ!” ಎಂದು ಕಿರುಚಿದಳು. ಎರಡು ದಿನದ ಮೇಲೆ ಅದೇ ಅಂಗಳದಲ್ಲಿ ಬ್ರಾಹ್ಮಣರ ಪಂಕ್ತಿ ಕುಳಿತಿತು. ತುಳಸಿ ಕಟ್ಟೆಯ ಪಕ್ಕದ ನೆಲವನ್ನು ಅದಕ್ಕೆ ಮುಂಚೆ ಅಗೆದು ಹೊಸ ಮಣ್ಣು ಹಾಕಿದ್ದರು.

ಬೇಚನ ಮತ್ತೆ ದಿಬ್ಬದ ಗುಡಿಸಲಿಗೆ ಹೋದ. ಕರೆ ಬಂದರೂ ಎಲ್ಲೂ ಹೋಗಲಿಲ್ಲ. ಹೋಳಿ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಅವನಲ್ಲಿಗೆ ಹೋದಾಗ ಕೃಪಾಶಂಕರ ಅಲ್ಲಿದ್ದ. ಗಾಳಿ ತಾಕದ ಹಾಗೆ ಅಷ್ಟು ದೂರ, ಕೊಡೆ ಹಿಡಿದು ನಿಂತಿದ್ದ.

“ಕಾಕಾ, ಅಪ್ಪ ಒಬ್ಬರ ಅನ್ನ ಮಾತ್ರ ನಿಮ್ಮ ಹೊಟ್ಟೆಯಲ್ಲಿದೆ. ಒಂದು ಚಾಂದ್ರಾಯಣ ಮಾಡಿದ್ರೆ ಅದೂ ಹೋಗುತ್ತೆ, ನಾನು ಪುಸ್ತಕ ನೋಡಿದೆ. ಅಮ್ಮನಿಗೂ ವಯಸ್ಸಾಯ್ತು. ಅಲ್ಲೀ ತನಕ ಬೇರೆ ಎಲ್ಲೂ ಉಣ್ಬೇಡಿ. ಅಮ್ಮನ ಕೆಲಸ ಆಗಲಿ, ಆಮೇಲೆ ನಿಮ್ಮ ವಿಷಯ ನಾನೇ ಪಂಡಿತರ ಸಭೆಯಲ್ಲಿ ಮಾತಾಡ್ತೀನಿ.”

ಅಪ್ಪನ ಮಾತು, ಅಪ್ಪನ ವಿನಯ, ಅಪ್ಪನ ನಗು. ಬೇಚನ ನನ್ನ ಕಡೆ ತಿರುಗಿದ. ನನ್ನ ಕೈ ನೋಡಿದ. “ಯಾರು ಸತ್ತರು ಭೈಯಾ?”

“ಗಾಣದ ರಾಮ್‌ಬರನ್. ಕುಷ್ಠ ಆಗಿ ಊರಾಚೆ ಬಿದ್ದಿದ್ನಲ್ಲ. ನಾಳೆ ಹನ್ನೊಂದು. ಘುರಹು ಉಣ್ಣಲ್ಲ ಅಂದ. ನದಿಯಾಚೆಯ ಮಹಾಪಾತ್ರರೂ ಬರಲ್ಲ ಅಂದ್ರು. ನೀನೂ ಬೇಡ ಅನ್ನು, ನಾನು ಹೋಗ್ತೀನಿ.”

“ಬರ್ತೀನಿ ಅಂತ ಹೇಳು.”

“ಕಾಕಾ!” ಎಂದು ಕೃಪಾಶಂಕರ ಕೂಗಿದ. “ಕುಷ್ಠರೋಗಿಯ ಪ್ರೇತಾನ್ನ! ಅದಕ್ಕೆ ಯಾವ ಪ್ರಾಯಶ್ಚಿತ್ತವೂ ಇಲ್ಲ! ನೀವು ಯಾವ ಕೆಲಸಕ್ಕೂ ಬರಲ್ಲ ಆಮೇಲೆ!”

“ಖಂಡಿತ ಬರಲ್ವಾ ಬಾಬು?” ಎಂದ ಬೇಚನ. “ಪುಸ್ತಕ ಸರಿಯಾಗಿ ನೋಡಿದ್ದೀರಾ?” ಆ ಮನೆಯಿಂದ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಮರುದಿನ ಅವನು ಓಝಾ ಪಂಡಿತರ ಶಾಲು ಹೊದ್ದುಕೊಂಡೇ ಬಂದ. ಊರಾಚೆಯ ಗುಡಿಸಲಲ್ಲಿ ರಾಮ್‌ಬರನ್‌ನ ಹೆಂಡತಿ ಒಬ್ಬಳೇ. ಕಡ್ಡಿಯ ಹಾಗಿದ್ದಳು. ಒಂದು ಮಡಕೆ ಸಪ್ಪೆ ಖಿಚಡಿ ಮಾಡಿ ಎಲೆಯ ಮೇಲೆ ಸುರಿದು ಎದುರಿಗೇ ಕುಕ್ಕರಗಾಲಲ್ಲಿ ಕುಳಿತಳು. ಬೇಚನ ತುತ್ತು ಎತ್ತುವಾಗ ಅವಳ ಕಣ್ಣು ಅವನ ಕೈಯ ಜೊತೆಗೇ ಮೇಲಕ್ಕೆ ಹೋಗುತ್ತಿತ್ತು.

“ಉಂಡು ಎಷ್ಟು ದಿನ ಆಯ್ತಮ್ಮ?” ಎಂದ ಬೇಚನ.

“ಮಹಾರಾಜ್, ಮೊದಲು ನೀವು ಉಣ್ಣಿ. ಉಳಿದರೆ ಒಂದಿಷ್ಟು ನನಗೆ ಬಿಡ್ತೀರಾ?”

ಬೇಚನ ಎಲೆಯ ನಡುವೆ ಬೆರಳಲ್ಲಿ ಗೆರೆ ಎಳೆದು ಅರ್ಧವನ್ನು ಅವಳ ಕಡೆ ತಳ್ಳಿದ. ಅವಳು ಶಾಸ್ತ್ರ ಕೇಳಲಿಲ್ಲ. ಹಸಿವೆ, ಅಷ್ಟೇ. ಇಬ್ಬರೂ ಒಂದೇ ಎಲೆಯಲ್ಲಿ, ತಲೆ ತಗ್ಗಿಸಿ, ಮಾತಿಲ್ಲದೆ ಉಂಡರು. ಮುಗಿದ ಮೇಲೆ ಬೇಚನ ಎದ್ದು ನಿಂತು ಊರಿಗೆಲ್ಲ ಕೇಳುವ ಹಾಗೆ, “ತೃಪ್ತನಾದೆ!” ಎಂದು ಕೂಗಿದ. ಅವನು ಆ ಮಾತು ಹೇಳಿದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನಿಜ ಹೇಳಿದ್ದು ಅವತ್ತು.

ಹೊಸ್ತಿಲಲ್ಲಿ ಅವಳು ಅಂಜುತ್ತ ನನ್ನನ್ನು ಕೇಳಿದಳು. “ಏನೋ ಎಸೀಬೇಕಂತಲ್ಲ?”

ನಾನು ಬೇಡ ಎನ್ನಲು ಬಾಯಿ ತೆರೆದೆ. ಬೇಚನನೇ ತಿರುಗಿ ನಿಂತು, “ಎಸಿ ತಾಯಿ, ಎಸಿ. ಇಲ್ದಿದ್ರೆ ನಿನ್ನ ಗಂಡ ಮತ್ತೆ ಬಂದಾನು,” ಎಂದ.

ಅವಳು ನೆಲ ಕೆದಕಿ ಒಂದು ಹೆಂಟೆ ಎತ್ತಿಕೊಂಡಳು. ಗಂಡ ವಾಪಸ್ ಬಂದಾನು ಎಂಬ ಭಯಕ್ಕೋ ಏನೋ, ಹೊಟ್ಟೆಗೆ ಬಿದ್ದ ಅನ್ನದ ಬಲವನ್ನೆಲ್ಲ ಹಾಕಿ ಎಸೆದಳು. ಅದು ಪಂಡಿತರ ಶಾಲಿನ ನಟ್ಟನಡುವೆ ಬಿದ್ದು ಪುಡಿಯಾಯಿತು.

ಬೇಚನ ಅದನ್ನು ಕೊಡವಿಕೊಳ್ಳದೆ ಓಝಾಗಳ ಬೀದಿ ಹಿಡಿದು ನಡೆದ. ಅಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿಕೊಂಡವು.